ಚಾರ್ಮಾಡಿ ಘಾಟಿಯಲ್ಲಿ ನಿಲ್ಲಲು ಜಾಗ ಮಾಡಿ, ತಿರುವುಗಳನ್ನು ಬಿಡಿಸಿಕೊಡಿ

ರಾಷ್ಟ್ರೀಯ ಹೆದ್ದಾರಿ 73ರ ಚಾರ್ಮಾಡಿ ಘಾಟಿ ಭಾಗದ ರಸ್ತೆ, ಸಂಚಾರ ಮತ್ತು ಅರಣ್ಯದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ. ಬೇಸಿಗೆ ರಜೆಯಲ್ಲಿ ಈ ದಾರಿ ಹಿಡಿಯುವ ಪ್ರವಾಸಿಗರಿಗೆ

ಮಾನ್ಯರೇ,

ಘಾಟಿಯ ಮೇಲಿನ ಊರೊಂದರಲ್ಲಿ ವಾಸವಾಗಿದ್ದು, ಕೆಲಸಕ್ಕೂ ಕಾಯಿಲೆಗೂ ನೆಂಟಸ್ತಿಕೆಗೂ ಚಾರ್ಮಾಡಿಯ ದಾರಿಯನ್ನೇ ನೆಚ್ಚಿಕೊಂಡಿರುವ ಸಾವಿರಾರು ಜನರಲ್ಲಿ ಒಬ್ಬನಾಗಿ ಈ ಪತ್ರವನ್ನು ತಮ್ಮೆಲ್ಲರ ಮುಂದಿಡುತ್ತಿದ್ದೇನೆ. ಪ್ರವಾಸಿಗರನ್ನು ದೂರುವುದಕ್ಕಾಗಲಿ, ಘಾಟಿಗೆ ಬೀಗ ಹಾಕಿ ಎಂದು ಕೇಳುವುದಕ್ಕಾಗಲಿ ಇದನ್ನು ಬರೆಯುತ್ತಿಲ್ಲ. ನೋಡಲು ಬಂದವರು ನಿಲ್ಲುವುದಕ್ಕೆ ಸರಿಯಾದ ಜಾಗವನ್ನು ಗೊತ್ತುಮಾಡದೆ, ದಾಟಲು ಬಂದವರಿಗೆ ದಾರಿಯನ್ನು ಉಳಿಸಿಕೊಡದೆ, ಪ್ರತಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಈ ರಸ್ತೆಯನ್ನು ಅದರ ಪಾಡಿಗೆ ಬಿಟ್ಟುಬಿಡಲಾಗುತ್ತಿದೆ ಎಂಬುದೇ ನನ್ನ ಮುಖ್ಯ ಅಹವಾಲು.

ಮಂಗಳೂರಿನಿಂದ ಹೊರಟು ಬೆಳ್ತಂಗಡಿ, ಉಜಿರೆಗಳನ್ನು ದಾಟುವ ಈ ಹೆದ್ದಾರಿ ಚಾರ್ಮಾಡಿ ಊರಿನಿಂದ ಮೇಲೆ ಕೊಟ್ಟಿಗೆಹಾರದವರೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಘಾಟಿಯಾಗಿ ಹತ್ತಿ, ಅಲ್ಲಿಂದ ಮೂಡಿಗೆರೆ, ಬೇಲೂರುಗಳ ಕಡೆಯಿಂದ ತುಮಕೂರನ್ನು ಸೇರುತ್ತದೆ. ಒಂದು ಬದಿಗೆ ಗುಡ್ಡದ ಗೋಡೆ, ಇನ್ನೊಂದು ಬದಿಗೆ ಕಣಿವೆ, ನಡುವೆ ಎರಡು ವಾಹನಗಳು ಪರಸ್ಪರ ಗೌರವವಿಟ್ಟುಕೊಂಡರೆ ಮಾತ್ರ ದಾಟಬಹುದಾದಷ್ಟು ರಸ್ತೆ. ಧರ್ಮಸ್ಥಳಕ್ಕೆ ಹೋಗುವ ಯಾತ್ರಿಕರು ಇಲ್ಲಿಂದಲೇ ಇಳಿಯುತ್ತಾರೆ. ಮೂಡಿಗೆರೆ, ಬಣಕಲ್ ಕಡೆಯ ತೋಟದ ಕೆಲಸಗಾರರು, ವಿದ್ಯಾರ್ಥಿಗಳು, ತರಕಾರಿ ಮತ್ತು ಮೀನಿನ ವಾಹನಗಳಿಗೂ ಇದೇ ದಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಮಲೆನಾಡಿನ ಈ ಭಾಗದಲ್ಲಿ ಯಾರಿಗಾದರೂ ಹೃದಯವೋ ಮೂತ್ರಪಿಂಡವೋ ಕೈಕೊಟ್ಟರೆ, ಹೆರಿಗೆಯಲ್ಲಿ ತೊಡಕಾದರೆ, ದೊಡ್ಡ ಆಸ್ಪತ್ರೆಯೆಂದು ಹೆಚ್ಚಿನವರು ಧಾವಿಸುವುದು ಮಂಗಳೂರಿಗೆ, ಅದೂ ಈ ತಿರುವುಗಳನ್ನು ಇಳಿದೇ. ಶಿರಾಡಿಯಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 75 ಬಂದ್ ಆದಾಗ ಅಲ್ಲಿನ ವಾಹನಗಳ ಒಂದು ಪಾಲೂ ಇತ್ತ ಹರಿದುಬರುತ್ತದೆ.

ಬೇಸಿಗೆಯಲ್ಲಿ ಜನ ಇಲ್ಲಿಗೆ ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕೆಳಗೆ ಕರಾವಳಿಯಲ್ಲಿ ಬೆವರಿಳಿಯುತ್ತಿರುವಾಗ ಘಾಟಿಯ ಅರ್ಧ ಹತ್ತುವಷ್ಟರಲ್ಲಿ ಕಾರಿನ ಏಸಿ ಆರಿಸಬಹುದು. ಕಾಫಿ ಹೂವನ್ನು ಅರಳಿಸುವ ಮಳೆ ಬಿದ್ದ ವರ್ಷ ಕೊಟ್ಟಿಗೆಹಾರದಿಂದಾಚೆಗೆ ಗಾಳಿಯೇ ಪರಿಮಳಿಸುತ್ತದೆ. ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆ ಸುರಿದು ನಿಂತ ಮೇಲೆ ಕಣಿವೆಯಿಂದ ಮಂಜು ಏಳುವುದನ್ನು ಒಮ್ಮೆ ನೋಡಿದವರು ಮತ್ತೆ ಬಾರದೆ ಇರುವುದು ಕಷ್ಟ. ಮೇಲಿನ ಹುಲ್ಲುಗಾವಲಿನ ಗುಡ್ಡಗಳು, ಕೆಳಗಿನ ಶೋಲಾ ಕಾಡು, ಇವೆರಡನ್ನೂ ಒಂದೇ ನೋಟಕ್ಕೆ ಒಪ್ಪಿಸುವ ತಿರುವುಗಳು ಇಲ್ಲಿವೆ. ಅಂಥ ಕಡೆ ಕಾರು ನಿಲ್ಲಿಸಬೇಕೆನಿಸುವುದು ತಪ್ಪಲ್ಲ. ಕೊಟ್ಟಿಗೆಹಾರದ ನೀರುದೋಸೆಯ ಹೋಟೆಲುಗಳು ತುಂಬುವುದು ಬಹುಪಾಲು ಹೊರಗಿನಿಂದ ಬಂದವರಿಂದಲೇ, ಅವರು ಬಾರದಿದ್ದರೆ ನಷ್ಟ ನಮ್ಮೂರಿಗೇ ಎಂಬುದೂ ನನಗೆ ಗೊತ್ತಿದೆ.

ತೊಂದರೆ ಇರುವುದು ನಿಲ್ಲುವ ಜಾಗದಲ್ಲಿ. ನೋಟ ಚೆನ್ನಾಗಿರುವುದು ತಿರುವಿನ ಹೊರಮಗ್ಗುಲಿನಲ್ಲಿ, ಕಣಿವೆಯ ಕಡೆಗೆ. ಘಾಟಿಯ ರಸ್ತೆಗೆ ಅತ್ಯಂತ ಅಗತ್ಯವಾದ ಜಾಗವೂ ಅದೇ. ಉದ್ದನೆಯ ಬಸ್ಸೊಂದು ಹೇರ್‌ಪಿನ್ ತಿರುವಿನಲ್ಲಿ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತವೆ. ಆದ್ದರಿಂದ ಚಾಲಕ ಮೊದಲು ಬಸ್ಸಿನ ಮೂತಿಯನ್ನು ಹೊರಮಗ್ಗುಲಿನ ಅಂಚಿನವರೆಗೂ ತಂದು, ಅನಂತರ ಒಮ್ಮೆಲೇ ತಿರುಗಿಸಬೇಕು. ಆ ಅಂಚಿನಲ್ಲಿ ಒಂದೇ ಒಂದು ಕಾರು ನಿಂತಿದ್ದರೂ ಬಸ್ಸು ತಿರುವಿನ ನಡುವೆ ಸಿಕ್ಕಿಕೊಳ್ಳುತ್ತದೆ. ಇಳಿಜಾರಿನಲ್ಲಿ ಹಿಂದೆ ಬರಲು ಹೋದರೆ ಹಿಂದೆ ಸಾಲುಗಟ್ಟಿದ ವಾಹನಗಳು. ಮುಂದೆ ಹೋಗಲು ದಾರಿಯಿಲ್ಲ. ಫೋಟೋಕ್ಕೆಂದು ಐದೇ ನಿಮಿಷ ನಿಲ್ಲಿಸಿದವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಏಕೆಂದರೆ ಅವರು ನಿಲ್ಲಿಸಿದಾಗ ರಸ್ತೆ ಖಾಲಿ ಇತ್ತು.

ಕಳೆದ ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ ನಾನು ಕಣ್ಣಾರೆ ಕಂಡದ್ದು ಇದನ್ನೇ. ಮೇಲೆ ಹತ್ತುತ್ತಿದ್ದ ಬಸ್ಸು ಹೀಗೆ ಅರ್ಧ ತಿರುಗಿ ನಿಂತಿತ್ತು. ಹೊರಮಗ್ಗುಲಿನ ಕಾರಿನಲ್ಲಿ ಯಾರೂ ಇರಲಿಲ್ಲ; ಕಾರಿನವರು ತಡೆಗೋಡೆ ಹಾರಿ ಆಚೆ ಬಂಡೆಯ ಮೇಲೆ ಹೋಗಿದ್ದರು. ಕೆಳಗಿಳಿಯುವ ವಾಹನಗಳ ಸಾಲಿನಲ್ಲಿ, ನನ್ನ ಹಿಂದೆ ಸ್ವಲ್ಪ ದೂರದಲ್ಲಿ, ರೋಗಿಯಿದ್ದ ಆಂಬುಲೆನ್ಸ್ ಒಂದು ಸೈರನ್ ಹೊಡೆಯುತ್ತಲೇ ಇತ್ತು. ಸಾಲು ತಪ್ಪಿಸಿ ಮುಂದೆ ಬರಲು ನೋಡಿದ ಒಂದೆರಡು ವಾಹನಗಳು ಎದುರಿನ ಪಥವನ್ನೂ ತುಂಬಿಬಿಟ್ಟಿದ್ದರಿಂದ ಅದಕ್ಕೆ ಸೈಡ್ ಕೊಡುವ ಮನಸ್ಸಿದ್ದವರಿಗೂ ಜಾಗವಿರಲಿಲ್ಲ. ಬಸ್ಸಿನ ನಿರ್ವಾಹಕರು ಇಳಿದು ಕೂಗಿದರು, ಕೆಲವು ಯುವಕರು ಬಂಡೆಯ ಕಡೆಗೆ ಓಡಿದರು, ಕೊನೆಗೆ ಕಾರಿನವರು ಗಾಬರಿಯಿಂದ ಬಂದು ಕ್ಷಮೆ ಕೇಳುತ್ತಲೇ ಕಾರು ತೆಗೆದರು. ಚಿಕ್ಕ ಮಕ್ಕಳಿದ್ದ ಕುಟುಂಬ ಅದು. ಅವರಲ್ಲಿ ಉಡಾಫೆ ಏನೂ ಕಾಣಲಿಲ್ಲ. ಅಲ್ಲಿ ನಿಲ್ಲಿಸಬಾರದೆಂದು ಹೇಳುವ ಫಲಕ ಆ ತಿರುವಿನಲ್ಲಿ ಇರಲಿಲ್ಲ, ಎಲ್ಲಿ ನಿಲ್ಲಿಸಬಹುದೆಂದು ಹೇಳುವ ಫಲಕ ಹಿಂದೆಯೂ ಇರಲಿಲ್ಲ ಮುಂದೆಯೂ ಇರಲಿಲ್ಲ. ಆ ಕುಟುಂಬಕ್ಕೆ ನಾಲ್ಕು ಮಾತು ಬೈದು ಜನ ಸಮಾಧಾನಪಟ್ಟುಕೊಂಡರು. ಮುಂದಿನ ಭಾನುವಾರ ಅದೇ ತಿರುವಿನಲ್ಲಿ ಇನ್ನೊಂದು ಕುಟುಂಬ ನಿಂತಿರುತ್ತದೆ ಎಂಬುದು ಬೈದವರಿಗೂ ಗೊತ್ತಿತ್ತು.

ನಿಯಮಗಳು ಇಲ್ಲವೆಂದಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯ ಪ್ರಕಾರ ತಿರುವಿನಲ್ಲಾಗಲಿ ಅದರ ಸಮೀಪದಲ್ಲಾಗಲಿ ವಾಹನ ನಿಲ್ಲಿಸುವಂತಿಲ್ಲ. ಕಡಿದಾದ ರಸ್ತೆಯಲ್ಲಿ ಎರಡು ವಾಹನಗಳು ಸಲೀಸಾಗಿ ದಾಟುವಷ್ಟು ಅಗಲವಿಲ್ಲದ ಕಡೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕೆಂಬುದು ಅದಕ್ಕೂ ಹಿಂದಿನ, 1989ರ ನಿಯಮಾವಳಿಯ ಕಾಲದಿಂದಲೂ ಇದೆ. ಲೋಡು ಹೊತ್ತು ಹತ್ತುವ ವಾಹನ ಒಮ್ಮೆ ನಿಂತರೆ ಮತ್ತೆ ಏರಿನಲ್ಲಿ ಎಳೆಯುವುದು ಕಷ್ಟ, ಕ್ಲಚ್ ಸುಟ್ಟುಕೊಳ್ಳುತ್ತದೆ, ಹಿಂದಕ್ಕೆ ಜಾರುವ ಭಯವೂ ಇದೆ. ಈ ನಿಯಮದ ಹಿಂದಿರುವುದು ಅಂಥ ಸರಳ ವಿವೇಕ. ಬಯಲಿನ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರು ಕಲಿತವರಲ್ಲಿ ಎಷ್ಟು ಜನಕ್ಕೆ ಇದು ತಿಳಿದಿದೆ? ಘಾಟಿಯ ಬಾಯಿಯಲ್ಲಿ ಯಾರಾದರೂ ಅವರಿಗೆ ಇದನ್ನು ಹೇಳುತ್ತಾರೆಯೇ?

ಇಳಿಯುವುದರ ವಿಷಯವೂ ಹೀಗೆಯೇ. ಹತ್ತಲು ಬಳಸುವ ಗೇರಿನಲ್ಲೇ ಇಳಿಯಬೇಕೆಂಬುದು ನಮ್ಮ ಕಡೆ ಹಳೆಯ ಲಾರಿ ಚಾಲಕರು ಕ್ಲೀನರ್ ಹುಡುಗರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ. ಈಗ ಬೇಸಿಗೆಯ ವಾರಾಂತ್ಯದಲ್ಲಿ ಘಾಟಿಯ ಕೆಳಭಾಗಕ್ಕೆ ಹೋದರೆ ಬ್ರೇಕ್ ಕಾದ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಟಾಪ್ ಗೇರಿನಲ್ಲಿ, ಕೆಲವರು ಇಂಧನ ಉಳಿಸಲು ನ್ಯೂಟ್ರಲ್‌ನಲ್ಲೇ, ಮೇಲಿನಿಂದ ಕೆಳಗಿನವರೆಗೂ ಪೆಡಲ್ ಒತ್ತಿಕೊಂಡೇ ಬಂದಿರುತ್ತಾರೆ. ಬ್ರೇಕ್ ಪ್ಯಾಡುಗಳು ಮಿತಿಮೀರಿ ಕಾದರೆ ಹಿಡಿತ ಕಳೆದುಕೊಳ್ಳುತ್ತವೆ, ಬ್ರೇಕ್ ದ್ರವ ಕುದಿದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲೂ ಕೆಳ ಗೇರಿಗೆ ಹಾಕಿಕೊಳ್ಳುವ ಅನುಕೂಲವಿದೆ ಎಂಬುದು ಅದರ ಮಾಲೀಕರಲ್ಲೇ ಅನೇಕರಿಗೆ ಹೊಸ ಸುದ್ದಿ. ಸಂಜೆ ಮಂಜು ಕವಿದಾಗ ಹೈಬೀಮ್ ಹಾಕಿ ಎದುರಿನವರ ಕಣ್ಣನ್ನೂ ತಮ್ಮ ಕಣ್ಣನ್ನೂ ಕುರುಡಾಗಿಸಿಕೊಳ್ಳುವವರಿಗೆ, ಮಂಜಿನಲ್ಲಿ ಲೋಬೀಮ್ ಹಾಕಿದರೇ ರಸ್ತೆ ಹೆಚ್ಚು ಕಾಣುತ್ತದೆ ಎಂದು ಹೇಳುವವರೂ ಇಲ್ಲ.

ಕಸದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಅದರ ಒಂದು ಮುಖವನ್ನಷ್ಟೇ ತಮ್ಮ ಗಮನಕ್ಕೆ ತರುತ್ತೇನೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಸ್ತೆಬದಿಯಲ್ಲಿ ಎಸೆದ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಊಟದ ತಟ್ಟೆಗಳು, ರಾತ್ರಿ ಹೊತ್ತು ವಾಹನದಲ್ಲಿ ತಂದು ಸುರಿದು ಹೋಗುವ ಅಂಗಡಿಗಳ ಮೂಟೆಗಟ್ಟಲೆ ತ್ಯಾಜ್ಯ, ಇವು ಬಿದ್ದಲ್ಲೇ ಇರುವುದಿಲ್ಲ. ಜೂನ್‌ನ ಮೊದಲ ಜಡಿಮಳೆಗೆ ಇವೆಲ್ಲ ಗುಡ್ಡದ ಬದಿಯ ಚರಂಡಿಗೆ ಇಳಿದು, ಚರಂಡಿಯಿಂದ ಮೋರಿಯ ಬಾಯಿಗೆ ಬಂದು, ತರಗೆಲೆ ಮತ್ತು ಮಣ್ಣಿನ ಜೊತೆ ಸೇರಿ ಅಲ್ಲಿ ಬಿರಡೆಯಂತೆ ಕೂರುತ್ತವೆ. ಮೋರಿಯಲ್ಲಿ ಹರಿದು ಕಣಿವೆಗೆ ಬೀಳಬೇಕಾದ ನೀರು ರಸ್ತೆಯ ಮೇಲೆ ಹರಿಯುತ್ತದೆ, ಡಾಂಬರಿನ ಅಂಚನ್ನು ಕೊರೆಯುತ್ತದೆ, ತಡೆಗೋಡೆಯ ಹಿಂದಿನ ಮಣ್ಣಿಗೆ ಇಳಿದು ಅದನ್ನು ನೆನೆಸಿ ಭಾರವಾಗಿಸುತ್ತದೆ. ಘಾಟಿಯಲ್ಲಿ ರಸ್ತೆಯ ಕಣಿವೆ ಬದಿ ಕುಸಿಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಬೇಸಿಗೆಯ ಪ್ರವಾಸಿಗರು ಮಳೆಗಾಲದಲ್ಲಿ ಇಲ್ಲಿ ಇರುವುದಿಲ್ಲ. ಅವರು ಬಿಟ್ಟುಹೋದದ್ದು ಇರುತ್ತದೆ, ನಾವೂ ಇರುತ್ತೇವೆ.

2019ರ ಆಗಸ್ಟ್‌ ತಿಂಗಳನ್ನು ಈ ಭಾಗದ ಯಾರೂ ಮರೆತಿಲ್ಲ. ಆ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳ ಮೇಲೆ ಗುಡ್ಡವೇ ಇಳಿದು ಮನೆ, ತೋಟ, ಗದ್ದೆಗಳು ಹೋದವು. ಘಾಟಿಯುದ್ದಕ್ಕೂ ಹಲವೆಡೆ ಮಣ್ಣು, ಮರ, ಬಂಡೆಗಳು ರಸ್ತೆಗೆ ಉರುಳಿ ಸಂಚಾರ ನಿಂತುಹೋಯಿತು, ಆಮೇಲೂ ಭಾರಿ ವಾಹನಗಳಿಗೆ ಬಹುಕಾಲ ದಾರಿ ಸಿಗಲಿಲ್ಲ. ಅದರ ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಮಡಿಕೇರಿ–ಸಂಪಾಜೆ ದಾರಿಯಲ್ಲಿ ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡ ಕುಸಿದು ಆದ ಅನಾಹುತವನ್ನೂ ನಾವು ನೋಡಿದ್ದೇವೆ. ಹೀಗಿರುವಾಗ, ಬೇಸಿಗೆಯ ದಟ್ಟಣೆಗೆ ಉತ್ತರವೆಂದು ರಸ್ತೆ ಅಗಲಗೊಳಿಸುವುದೊಂದನ್ನೇ ಮುಂದಿಡುವುದು ನನಗೆ ಸರಿ ಕಾಣುವುದಿಲ್ಲ. ಅಗಲ ಬೇಡವೆಂಬ ಹಟ ನನಗಿಲ್ಲ. ಆಂಬುಲೆನ್ಸ್ ದಾಟಲು, ಬಸ್ಸು ತಿರುಗಲು ಎಲ್ಲಿ ಬೇಕೋ ಅಲ್ಲಿ ಅಗಲವಾಗಲಿ. ಆದರೆ ಗುಡ್ಡದ ಬುಡವನ್ನು ನೇರ ಗೋಡೆಯಂತೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ನೀರಿಗೆ ದಾರಿ ಮಾಡದೆ ಕಟ್ಟಿದ ಕಾಂಕ್ರೀಟ್ ಗೋಡೆ ಎಷ್ಟೇ ದಪ್ಪವಿದ್ದರೂ ಹಿಂದಿನ ನೀರಿನ ಒತ್ತಡಕ್ಕೆ ಬಾಗುತ್ತದೆ. ಇನ್ನೂ ಒಂದು ಮಾತು: ಅಗಲವಾದ ತಿರುವಿನಲ್ಲಿ ನಿಲ್ಲಿಸುವ ವಾಹನಗಳನ್ನು ತಡೆಯದಿದ್ದರೆ ಈಗ ಒಂದು ಸಾಲು ನಿಲ್ಲುವಲ್ಲಿ ಆಗ ಎರಡು ಸಾಲು ನಿಲ್ಲುತ್ತವೆ, ಕಡಿದ ಗುಡ್ಡ ಮಾತ್ರ ಮತ್ತೆ ಬರುವುದಿಲ್ಲ.

ಬೇರೆ ಕಡೆ ಮಾಡಿದ್ದನ್ನು ಇಲ್ಲಿಗೂ ತರಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನೀಲಗಿರಿಗೂ ಕೊಡೈಕೆನಾಲ್‌ಗೂ 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇ–ಪಾಸ್, ಅಂದರೆ ಹೊರಗಿನ ವಾಹನಗಳು ಆನ್‌ಲೈನ್‌ನಲ್ಲಿ ಪಡೆಯಬೇಕಾದ ಪ್ರವೇಶ ಚೀಟಿ, ಜಾರಿಗೆ ಬಂತು, ಮುಂದಿನ ವರ್ಷ ದಿನಕ್ಕಿಷ್ಟೇ ವಾಹನಗಳೆಂಬ ಮಿತಿಯೂ ಬಂತು. ಅವು ತಲುಪುವ ಊರುಗಳು; ಚಾರ್ಮಾಡಿ ಹಾದುಹೋಗುವ ದಾರಿ. ಇಲ್ಲಿ ಪಾಸ್ ಇಟ್ಟರೆ ಆಸ್ಪತ್ರೆಗೆ ಹೋಗುವವರೂ ಧರ್ಮಸ್ಥಳದ ಹರಕೆಯವರೂ ಫೋಟೋ ತೆಗೆಯಲು ಬಂದವರ ಜೊತೆಗೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳ ಘಾಟಿಯಲ್ಲಿ ಭಾರಿ ವಾಹನಗಳನ್ನು ಬಿಡದಿರುವ ಕ್ರಮವೂ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಈ ಕಡೆಯ ಬಡವರ ವಾಹನ ಬಸ್ಸೇ. ಬಂಡೀಪುರದ ಹೆದ್ದಾರಿಯಲ್ಲಿ ಮಾತ್ರ ನಮಗೆ ಕಲಿಯಲು ಏನೋ ಇದೆ: ಅಲ್ಲಿ ಹಗಲು ವಾಹನ ಎಷ್ಟು ಬೇಕಾದರೂ ಹೋಗಲಿ, ಕಾಡಿನ ನಡುವೆ ನಿಲ್ಲಿಸಿ ಇಳಿಯುವಂತಿಲ್ಲ, ನಿಲ್ಲಿಸಿದರೆ ಗಸ್ತಿನವರು ಬಂದು ಎಬ್ಬಿಸುತ್ತಾರೆ, ದಂಡ ಹಾಕುತ್ತಾರೆ. ದಾಟುವುದಕ್ಕೆ ತಡೆಯಿಲ್ಲದೆ ನಿಲ್ಲುವುದನ್ನಷ್ಟೇ ಹದ್ದುಬಸ್ತಿನಲ್ಲಿಡಲು ಸಾಧ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ ಎಂದಾಯಿತು.

ಈ ಕಾರಣಗಳಿಂದ ರಸ್ತೆಯ ಹೊಣೆ ಹೊತ್ತವರಲ್ಲಿ ನನ್ನ ಮೊದಲ ಮನವಿ, ಘಾಟಿಯಲ್ಲಿ ರಸ್ತೆ ನೇರವಾಗಿರುವ, ಈಗಾಗಲೇ ಸ್ವಲ್ಪ ಅಗಲವಿರುವ, ಹೊಸದಾಗಿ ಗುಡ್ಡ ಕಡಿಯುವ ಅಗತ್ಯವಿಲ್ಲದ ಕೆಲವೇ ಜಾಗಗಳನ್ನು ಆರಿಸಿ, ಅವುಗಳನ್ನು ವಾಹನ ನಿಲ್ಲಿಸುವ ತಾಣಗಳೆಂದು ಗುರುತಿಸಿ, ಗಟ್ಟಿಯಾದ ತಡೆಗೋಡೆ ಹಾಕಿಸಿ ಕೊಡಬೇಕು ಎಂಬುದು. ಅಲ್ಲಿಗೆ ಇಷ್ಟು ದೂರವಿದೆ ಎಂದು ಹಿಂದಿನಿಂದಲೇ ಹೇಳುತ್ತ ಬರುವ ಫಲಕಗಳಿದ್ದರೆ ನೋಡಬೇಕೆನ್ನುವವರು ತಿರುವಿನಲ್ಲಿ ನಿಲ್ಲದೆ ಮುಂದೆ ಹೋಗುವ ಧೈರ್ಯ ಮಾಡುತ್ತಾರೆ. ಇಂಥ ತಾಣವೇ ಇಲ್ಲದೆ ನಿಲ್ಲಬೇಡಿ ಎಂದಷ್ಟೇ ಬರೆಸಿದರೆ ಆ ಬರಹಕ್ಕೆ ಬೆಲೆ ಬರುವುದಿಲ್ಲ. ಕೊಟ್ಟಿಗೆಹಾರದಲ್ಲೂ ಚಾರ್ಮಾಡಿಯಲ್ಲೂ ಹೆಂಗಸರು, ಮಕ್ಕಳು ಅಂಜಿಕೆಯಿಲ್ಲದೆ ಬಳಸಬಹುದಾದ ಶುಚಿಯಾದ ಶೌಚಾಲಯಗಳು ಬೇಕು. ಘಾಟಿಯ ನಡುವೆ ನಿಲ್ಲುವ ಎಷ್ಟೋ ವಾಹನಗಳು ನಿಲ್ಲುವುದು ಆ ಕಾರಣಕ್ಕೇ, ನೋಟಕ್ಕಾಗಿ ಅಲ್ಲ.

ಸಂಚಾರದ ಹೊಣೆ ಹೊತ್ತವರು ಬೇಸಿಗೆ ರಜೆಯ ಶನಿವಾರ, ಭಾನುವಾರ ಮತ್ತು ಸಾಲು ರಜೆಗಳಂದಾದರೂ ಬೈಕಿನ ಗಸ್ತು ಇಡಬೇಕು. ಕಾರಿನ ಗಸ್ತು ಬೇಡ, ಜಾಮ್ ಆದಾಗ ಅದೂ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ಘಾಟಿಯ ತಲೆಯೂ ಬುಡವೂ ಬೇರೆ ಬೇರೆ ಜಿಲ್ಲೆಗಳಿಗೆ ಸೇರಿರುವುದರಿಂದ, ಆಂಬುಲೆನ್ಸ್ ಮೇಲಿನಿಂದ ಹೊರಟ ಸುದ್ದಿ ಕೆಳಗಿನವರಿಗೆ ತಕ್ಷಣ ತಲುಪಿ, ಎದುರಿನಿಂದ ಹತ್ತುವ ವಾಹನಗಳನ್ನು ಅಗಲವಾದ ಜಾಗದಲ್ಲಿ ತಡೆದು ನಿಲ್ಲಿಸುವ ಏರ್ಪಾಡು ಎರಡೂ ಕಡೆಯವರು ಕೂಡಿ ಮಾಡಿಕೊಂಡರೆ ಮಾತ್ರ ಆಗುತ್ತದೆ. ಘಾಟಿಯ ಹಲವು ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. 108ಕ್ಕೋ 112ಕ್ಕೋ ಕರೆ ಮಾಡಬೇಕಾದವರು ಅಪಘಾತದ ಜಾಗ ಬಿಟ್ಟು ಸಿಗ್ನಲ್ ಹುಡುಕಿಕೊಂಡು ಹೋಗಬೇಕು. ನಿಲುಗಡೆ ತಾಣಗಳಲ್ಲಾದರೂ ತುರ್ತು ಕರೆಯ ವ್ಯವಸ್ಥೆ ಇರಲಿ. ಗೇರು, ಬ್ರೇಕು, ಹತ್ತುವವರಿಗೆ ದಾರಿ ಎಂಬ ಮೂರು ವಿಷಯಗಳನ್ನು ಚಿತ್ರದೊಂದಿಗೆ ಕನ್ನಡದಲ್ಲಿ ದೊಡ್ಡದಾಗಿ ಬರೆದ ಫಲಕ ಎರಡೂ ತುದಿಗಳ ತಪಾಸಣಾ ಠಾಣೆಗಳ ಬಳಿ ಇರಲಿ.

ಮೋರಿ, ಚರಂಡಿಗಳನ್ನು ಮೇ ತಿಂಗಳ ಕೊನೆಯ ವಾರದಲ್ಲಿ, ಅಂದರೆ ಪ್ರವಾಸಿಗರು ಹೋದ ಮೇಲೆ ಮಳೆ ಹಿಡಿಯುವ ಮೊದಲು, ಒಂದೊಂದನ್ನೂ ತೆಗೆದು ಶುಚಿ ಮಾಡಿಸಬೇಕು. ಮಳೆಗಾಲದ ಮುನ್ನೆಚ್ಚರಿಕೆ ಎಂದು ಜುಲೈನಲ್ಲಿ ಜೆಸಿಬಿ ನಿಲ್ಲಿಸುವುದಕ್ಕಿಂತ ಇದಕ್ಕೆ ತಗಲುವ ಖರ್ಚು ಕಡಿಮೆ. ಅಗಲೀಕರಣ ನಡೆಯುವ ಕಡೆ ಇಳಿಜಾರಿನ ಭದ್ರತೆಯ ಬಗ್ಗೆ ಭೂವಿಜ್ಞಾನಿಗಳು ಕೊಡುವ ವರದಿಯನ್ನು ಕೆಲಸ ಆರಂಭಿಸುವ ಮೊದಲೇ ಎರಡೂ ಕಡೆಯ ಗ್ರಾಮ ಪಂಚಾಯಿತಿಗಳಲ್ಲಿ ಜನ ಓದುವಂತೆ, ಕನ್ನಡದಲ್ಲಿ, ಇಡಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರವಾಸಿ ಬಂಧುಗಳೇ, ತಮ್ಮಲ್ಲಿಯೂ ಎರಡು ಮಾತು. ಮಂಗಗಳಿಗೆ ಬಿಸ್ಕತ್ತು ಹಾಕಬೇಡಿ. ತಿಂಡಿ ಸಿಗುವ ತಿರುವಿನಲ್ಲೇ ಅವು ಮರಿ ಕಟ್ಟಿಕೊಂಡು ರಸ್ತೆಯ ನಡುವೆ ಕೂರಲು ಕಲಿತಿವೆ, ಇನ್ನೊಂದು ವಾಹನದ ಚಕ್ರಕ್ಕೆ ಸಿಗುವುದೂ ಅಲ್ಲೇ. ಜಲಪಾತ ಹುಡುಕಿಕೊಂಡು ಬೇಸಿಗೆಯಲ್ಲಿ ಒಣಗಿದ ಬಂಡೆ ಹತ್ತಬೇಡಿ. ಪಾಚಿ ಒಣಗಿದ ಬಂಡೆಯೂ ಜಾರುತ್ತದೆ, ಅಲ್ಲಿ ಬಿದ್ದವರನ್ನು ಮೇಲೆ ತರಲು ಊರಿನವರೇ ಹಗ್ಗ ಹಿಡಿದು ಇಳಿಯಬೇಕಾಗುತ್ತದೆ. ಒಣಹುಲ್ಲಿನ ಗುಡ್ಡದ ಅಂಚಿನಲ್ಲಿ ಸಿಗರೇಟಿನ ತುಂಡು ಎಸೆಯುವವರಿಗೆ ಹೇಳುವುದು ಏನೂ ಇಲ್ಲ, ಅರಣ್ಯ ಕಾಯ್ದೆಯೇ ಹೇಳಲಿ.

ಮುಂದಿನ ಬೇಸಿಗೆ ರಜೆ ಶುರುವಾಗುವ ಮೊದಲು, ಸಾಧ್ಯವಾದರೆ ಮಾರ್ಚ್ ತಿಂಗಳೊಳಗೆ, ಎರಡೂ ಜಿಲ್ಲೆಗಳ ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟಿಗೆಹಾರದಲ್ಲಿ ಒಮ್ಮೆ, ಚಾರ್ಮಾಡಿಯಲ್ಲಿ ಒಮ್ಮೆ ಸಾರ್ವಜನಿಕ ಸಭೆ ಕರೆಯಬೇಕೆಂದು ಕೋರುತ್ತೇನೆ. ಬಸ್ ಚಾಲಕರು, ಆಂಬುಲೆನ್ಸ್ ಚಾಲಕರು, ಹೋಟೆಲಿನವರು, ಮಳೆಗಾಲದಲ್ಲಿ ಮಣ್ಣು ತೆಗೆಯಲು ಮೊದಲು ಓಡುವ ಊರ ಹುಡುಗರು, ಇವರನ್ನೂ ಆ ಸಭೆಗೆ ಕರೆಯಿರಿ. ಯಾವ ತಿರುವಿನ ಅಂಚಿನಲ್ಲಿ ಕಾರುಗಳು ನಿಲ್ಲುತ್ತವೆ, ಯಾವ ಮೋರಿ ಮೊದಲು ಕಟ್ಟಿಕೊಳ್ಳುತ್ತದೆ, ಎಲ್ಲಿ ಸಿಗ್ನಲ್ ಸಿಗುತ್ತದೆ, ಎಲ್ಲಿ ಎರಡು ಬಸ್ಸು ದಾಟುತ್ತವೆ ಎಂಬುದನ್ನು ಘಾಟಿಯ ಉದ್ದಕ್ಕೂ ತಮ್ಮ ಜೊತೆ ನಡೆದು ಗುರುತು ಹಾಕಿಕೊಡಲು ನಾವು ಕೆಲವರು ಸಿದ್ಧರಿದ್ದೇವೆ. ದಿನ ಗೊತ್ತುಮಾಡಿ ತಿಳಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಘಾಟಿಯ ಮೇಲಿನ ಊರಿನ ಒಬ್ಬ ನಿವಾಸಿ